ಸಕ್ಕರೆ ಇಲ್ಲದ ಕಾಲು

ನಮ್ಮ ಟೆರೇಸಿನ ತಂತಿಯನ್ನು ನೋಡಿದವರು ಈ ಮನೆಯಲ್ಲಿ ಯಾವುದೋ ಫುಟ್‌ಬಾಲ್ ತಂಡ ಬಾಡಿಗೆಗಿದೆ ಎಂದುಕೊಂಡರೆ ಅವರ ತಪ್ಪಿಲ್ಲ. ಕ್ಲಿಪ್ಪು ಸಿಕ್ಕಿಸಿ ಸಾಲಾಗಿ ನೇತುಹಾಕಿದ ಕಾಲುಚೀಲಗಳು ಅಷ್ಟಿರುತ್ತವೆ. ಮನೆಯಲ್ಲಿರುವವರು ಇಬ್ಬರೇ, ನಾನು ಮತ್ತು ನಮ್ಮ ಯಜಮಾನರು. ಇಬ್ಬರಿಗೂ ಸೇರಿ ದೇವರು ಉಳಿಸಿರುವುದು ಮೂರೇ ಕಾಲು. ಆದರೂ ಬಟ್ಟೆ ಒಗೆಯುವ ದಿನ ಬಂತೆಂದರೆ ಸೀರೆಗಿಂತ ಕಾಲುಚೀಲವೇ ಹೆಚ್ಚು.

ಅವುಗಳಲ್ಲಿ ಅರ್ಧ ನನ್ನವು. ನನ್ನ ಎಡಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಕ್ಕೆ ಬಂದು ಮುಗಿದುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಪ್ಲಾಸ್ಟಿಕ್ಕು, ಅದರ ಕೆಳಗೆ ರಬ್ಬರಿನ ಪಾದ. ನನ್ನದಕ್ಕೂ ಪ್ಲಾಸ್ಟಿಕ್ಕಿಗೂ ಜಗಳವಾಗದಿರಲೆಂದು ನಡುವೆ ಹತ್ತಿಯ ಚೀಲ ಹಾಕಬೇಕು. ಅದಕ್ಕೆ ಹಿಮ್ಮಡಿಯಿಲ್ಲ, ಬೆರಳಿಲ್ಲ. ದಿಂಬಿನ ಕವರಿನ ಮರಿಯ ಹಾಗಿರುತ್ತದೆ. ಬೆಳಿಗ್ಗೆ ಒಂದು ಸಾಕು. ಮಧ್ಯಾಹ್ನದ ಹೊತ್ತಿಗೆ ಕಾಲು ಸ್ವಲ್ಪ ಸೊರಗಿ ಒಳಗೆ ಗಡಗಡ ಎನ್ನುತ್ತದೆ, ಆಗ ಎರಡು. ಸಂಜೆ ನಾಮಕರಣವೋ ಆರತಕ್ಷತೆಯೋ ಇದ್ದರೆ ಮೂರು. ಜನ ಸಮಾರಂಭಕ್ಕೆ ಸೀರೆಯ ಲೆಕ್ಕ ಹಾಕಿದರೆ ನಾನು ಚೀಲದ ಲೆಕ್ಕ ಹಾಕುತ್ತೇನೆ.

ಉಳಿದರ್ಧ ಇವರವು. ಇವರು ಎಂದರೆ ಯಜಮಾನರು. ಹೆಸರು ಹೇಳುವ ಅಭ್ಯಾಸ ನನಗಿಲ್ಲ, ನೀವೂ ಕೇಳಬೇಡಿ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮದುವೆಯಾದಾಗಿನಿಂದ ನೋಡಿದ್ದೇನೆ, ಸಂಜೆ ಬಾಗಿಲಲ್ಲಿ ಷೂ ಬಿಚ್ಚಿದರೆಂದರೆ ಚೀಲವನ್ನೂ ಕಿತ್ತೆಸೆದು, ನೆಲದ ತಂಪಿಗೆ ಪಾದ ಒತ್ತಿ ‘ಹಾ’ ಎನ್ನುತ್ತಿದ್ದರು. ಅಂಥವರು ನನ್ನ ಕಾಲು ಹೋದ ದಿನದಿಂದ ಮನೆಯೊಳಗೂ ಕಂದು ಬಣ್ಣದ ಕಾಲುಚೀಲ ಹಾಕಿಕೊಂಡು ಓಡಾಡತೊಡಗಿದರು. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಫ್ಯಾನು ಬಿಸಿಗಾಳಿ ಬೀಸುವಾಗಲೂ ಅದೇ ವೇಷ. ದೇವಸ್ಥಾನಕ್ಕೆ ಹೋದರೆ ಒಳಗೆ ಬರದೆ, ಚಪ್ಪಲಿ ಕಾಯುತ್ತೇನೆಂದು ಹೊರಗೇ ನಿಂತು ಕೈಮುಗಿಯುವರು. ಕೇಳಿದರೆ, "ಥಂಡಿ ಕಣೇ" ಎಂಬ ಎರಡೇ ಪದ.

ನಾನು ಮೇಷ್ಟ್ರಮ್ಮ. ಮೂವತ್ತು ವರ್ಷ ಗೋವಿಂದರಾಜನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವಳು. ಎದುರಿಗಿರುವವರು ಹೇಳದ್ದನ್ನೂ ಅರ್ಥ ಮಾಡಿಕೊಳ್ಳಬಲ್ಲೆ ಎಂಬ ಜಂಬ ನನಗೆ. ಕಾಲು ಕಳೆದುಕೊಂಡ ಹೆಂಡತಿಯ ಮುಂದೆ ತಮ್ಮ ಹತ್ತು ಬೆರಳು ಮೆರೆಸಿಕೊಂಡು ಓಡಾಡಲು ಪಾಪ ಸಂಕೋಚ, ಅದಕ್ಕೇ ಮುಚ್ಚಿಕೊಂಡಿದ್ದಾರೆ ಎಂದು ನಾನೇ ಅರ್ಥ ಹೇಳಿಕೊಂಡೆ. ಎಂಥ ಸೂಕ್ಷ್ಮ ಮನಸ್ಸು ಎಂದು ಕಣ್ಣೂ ಒರೆಸಿಕೊಂಡೆ.

ಆ ಸೂಕ್ಷ್ಮ ಮನಸ್ಸಿನವರ ಚೀಲಗಳಲ್ಲಿ ಪ್ರತಿ ಜೋಡಿಗೂ ಒಂದು ತೂತಾಗುತ್ತಿತ್ತು. ಒಂದು ಗಟ್ಟಿಮುಟ್ಟಾಗಿರುತ್ತಿತ್ತು, ಇನ್ನೊಂದು ತಿಂಗಳು ತುಂಬುವುದರೊಳಗೆ ನಡುಬೆರಳಿನ ಹತ್ತಿರ ಬಾಯಿ ಬಿಡುತ್ತಿತ್ತು. ಸೂಜಿ ಹಿಡಿದು ಕೂತಾಗಲೆಲ್ಲ ನಾನು ಗದರುತ್ತಿದ್ದೆ.

"ರೀ, ಉಗುರು ಕತ್ತರಿಸ್ಕೊಳ್ರೀ! ಎಷ್ಟು ಸಲ ಹೇಳೋದು?"

"ಹೂಂ" ಎಂದು ಇವರು ಪೇಪರಿನ ಹಿಂದೆ ಸರಿಯುವರು.

ನನ್ನ ಗಂಟಲು ತರಗತಿಯ ಕೊನೆಯ ಬೆಂಚಿಗೆ ಕೇಳಿಸಲೆಂದು ಪಳಗಿದ್ದು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ರತ್ನಮ್ಮ ಸಲಹೆ ಕೊಡುವರು: "ಜಯಮ್ಮಾರೇ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕಾಲಿಟ್ಕೊಂಡು ಕೂತ್ಕೊಳ್ಳೋಕೆ ಹೇಳಿ, ಉಗುರು ಮೆತ್ತಗಾಗುತ್ತೆ." ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಇವರ ಉಗುರು ಒಂದು ಸಾರ್ವಜನಿಕ ವಿಷಯವಾಗಿತ್ತು.

ಕಾಲು ಹೋದದ್ದು ಹೇಗೆ ಎಂದು ನಿಮಗೆ ಕೇಳಬೇಕೆನಿಸಿರುತ್ತದೆ. ಎಲ್ಲರಿಗೂ ಅನಿಸುತ್ತದೆ, ಬಾಯಿ ಬರುವುದಿಲ್ಲ. ಬಾಯಿ ಬರುವವರು ಆಟೋದವರು ಮಾತ್ರ. "ಲಾರೀನಾ ಮೇಡಂ?" ಎಂದು ಕನ್ನಡಿಯಲ್ಲಿ ನೋಡುತ್ತ ಒಬ್ಬ ಕೇಳಿದ. ಇಲ್ಲಪ್ಪ ಎಂದೆ. "ಬಸ್ಸಾ?" ಅದೂ ಅಲ್ಲ ಎಂದೆ. "ಮತ್ತೆ?" "ಉಂಗುರ" ಎಂದೆ. ಅವನು ಕನ್ನಡಿಯನ್ನು ರಸ್ತೆಯ ಕಡೆಗೆ ತಿರುಗಿಸಿಬಿಟ್ಟ.

ನಿಜ, ನನ್ನ ಕಾಲು ತಿಂದದ್ದು ಒಂದು ಬೆಳ್ಳಿಯ ಕಾಲುಂಗುರ. ಅದನ್ನು ತೊಡಿಸಿದವರು ಇವರೇ. ಮದುವೆಯ ದಿನ ಪುರೋಹಿತರು "ಎರಡನೇ ಬೆರಳಿಗೆ" ಎಂದು ಗಟ್ಟಿಯಾಗಿ ಹೇಳಿದರೂ, ಇವರು ಗಡಿಬಿಡಿಯಲ್ಲಿ ನಡುಬೆರಳಿಗೆ ತೂರಿಸಿ ಇಡೀ ಛತ್ರವೇ ನಗುವಂತೆ ಮಾಡಿದ್ದರು. ಲೇತ್ ಮೆಷಿನ್ನಿನ ಮೇಲೆ ಕೂದಲೆಳೆಯಷ್ಟೂ ತಪ್ಪದ ಕೈ ಅಂದು ಒಂದು ಬೆರಳಿಗೆ ತಪ್ಪಿತ್ತು. ಆಮೇಲೆ ಸರಿಯಾದ ಬೆರಳಿಗೆ ಬಂದ ಆ ಉಂಗುರ ಇಪ್ಪತ್ತೆಂಟು ವರ್ಷ ಅಲ್ಲಿಂದ ಅಲ್ಲಾಡಲಿಲ್ಲ. ಈ ನಡುವೆ ನನಗೆ ಸಕ್ಕರೆ ಕಾಯಿಲೆ ಬಂತು, ಕಾಲು ಊದಿತು, ಉಂಗುರ ಬಿಗಿಯಾಯಿತು, ಅದರಡಿ ಒಂದು ಸಣ್ಣ ಗಾಯವಾಯಿತು. ನೋವಾಗಿದ್ದರೆ ಕೂಗುತ್ತಿದ್ದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ಗೊತ್ತಾಗುವುದಿಲ್ಲ.

ಗಾಯ ಕಣ್ಣಿಗೆ ಬಿದ್ದಾಗ ನಾನು ಮಾಡಿದ್ದು ಏನು ಗೊತ್ತೆ? ಅರಿಶಿನ ಹಚ್ಚಿದೆ. ಶುಕ್ರವಾರ ಮುತ್ತೈದೆಯರು ಪಾದಕ್ಕೆ ಹಚ್ಚುವ ಅರಿಶಿನವನ್ನು ಶನಿವಾರವೂ ಹಚ್ಚಿದೆ, ಸೋಮವಾರವೂ ಹಚ್ಚಿದೆ. ಗಾಯಕ್ಕೆ ಔಷಧಿಯೂ ಆಯಿತು, ಕಾಣದ ಹಾಗೆ ಮರೆಯೂ ಆಯಿತು. ಇವರು ನೋಡಿ, "ಏನು, ದಿನಾ ಹಬ್ಬ?" ಎಂದರು. "ಶ್ರಾವಣ ಅಲ್ವಾ" ಎಂದೆ. ನಿಜ ಹೇಳಿದರೆ ಡಾಕ್ಟರು ಉಂಗುರ ತೆಗೆಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಶ್ರಾವಣ ಮುಗಿದು ಭಾದ್ರಪದ ಬರುವ ಹೊತ್ತಿಗೆ ಬೆರಳು ಕಪ್ಪಾಗಿ, ಪಾದ ಕಪ್ಪಾಗಿ, ಆಸ್ಪತ್ರೆಯಲ್ಲಿ ಉಂಗುರದ ಜೊತೆ ಕಾಲನ್ನೂ ತೆಗೆದರು.

ಆಪರೇಷನ್ ಆದ ಮೇಲೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ಅತ್ತದ್ದಕ್ಕಿಂತ ಹೆಚ್ಚು ಕುಂಟಾಬಿಲ್ಲೆಯನ್ನು ನೆನೆಸಿಕೊಂಡೆ ಎಂದರೆ ನೀವು ನಂಬಬೇಕು. ರಾಜಾಜಿನಗರದ ಕಾರ್ಮಿಕರ ಮನೆಗಳ ಸಾಲಿನಲ್ಲಿ ಬೆಳೆದವಳು ನಾನು. ಬೀದಿಯಲ್ಲಿ ಇದ್ದಲಿನಿಂದ ಮನೆ ಬರೆದು, ಹೆಂಚಿನ ಚೂರನ್ನು ಬಿಲ್ಲೆ ಮಾಡಿಕೊಂಡು, ಎಡಗಾಲು ಮಡಿಚಿ ಒಂದೇ ಉಸಿರಿಗೆ ಎಂಟು ಮನೆ ದಾಟುತ್ತಿದ್ದೆ. ನನ್ನ ಜೊತೆ ಆಡಲು ಹುಡುಗಿಯರು ಹೆದರುತ್ತಿದ್ದರು. "ಎಷ್ಟು ಕುಂಟ್ತೀಯೇ, ಮುಂದೆ ಕುಂಟಿಯಾಗೇ ಹುಟ್ತೀಯ" ಎಂದು ಅಜ್ಜಿ ಬೈಯುತ್ತಿದ್ದಳು. ಅಜ್ಜಿಯ ಬಾಯಿ ಬಲು ಹರಿತ, ಮುಂದಿನ ಜನ್ಮದವರೆಗೆ ಕಾಯಲಿಲ್ಲ. ಆಪರೇಷನ್ ಆದ ವಾರದಲ್ಲೇ ಆ ಹಳೆಯ ಧೈರ್ಯದಿಂದ ಹಾಸಿಗೆ ಹಿಡಿದು ಒಂದು ಕಾಲಲ್ಲಿ ಕುಪ್ಪಳಿಸಿ ಬಚ್ಚಲಿಗೆ ಹೊರಟೆ. ಎರಡನೇ ಮನೆಗೇ ಔಟಾದೆ. ನರ್ಸುಗಳು ಬಂದು ಎತ್ತಿದರು.

ಬೈದವರು ಡಾಕ್ಟರಮ್ಮ. ಬೈಗುಳದ ಕೊನೆಗೆ ಬಲಗಾಲನ್ನು ನೋಡಿದರು. ಅಲ್ಲಿ ಎರಡನೇ ಉಂಗುರ ಹಾಗೇ ಇತ್ತು.

"ಇದನ್ನ ಯಾಕಿನ್ನೂ ಇಟ್ಕೊಂಡಿದೀರ? ಒಂದು ಕಾಲು ಕೊಟ್ಟಿದ್ದು ಸಾಲ್ದಾ? ತೆಗೀರಿ."

"ಯಜಮಾನರು ಇದಾರಲ್ಲ ಡಾಕ್ಟ್ರೇ" ಎಂದೆ.

"ಯಜಮಾನರು ಇರ್ತಾರೆ. ಕಾಲು ಇರಲ್ಲ."

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇನ್ನೊಂದು ಗಾಯವಾದರೆ ಇನ್ನೊಂದು ಕಾಲು. ದಿನಾ ಸಂಜೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಬೇಕು ಎಂದರು. ಕೆಂಗೇರಿಯಲ್ಲಿರುವ ಮಗಳು ಸುಮಾ ಫೋನಿನಲ್ಲಿ, "ಅಮ್ಮಾ, ನಿನಗೆ ಕೈ ಮುಗೀತೀನಿ, ತೆಗಿಯೇ ಅದನ್ನ" ಎಂದು ಅತ್ತಳು. ನಾನು ಆಗಲಿ ಎಂದೆ, ತೆಗೆಯಲಿಲ್ಲ. ಪ್ರತಿ ವರ್ಷ ಏಳನೇ ತರಗತಿಗೆ ‘ಮೂಢನಂಬಿಕೆಗಳು’ ಎಂಬ ಪ್ರಬಂಧವನ್ನು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಸಮೇತ ಬರೆಸುತ್ತಿದ್ದವಳು ನಾನೇ.

ಇಲ್ಲಿ ಸ್ವಲ್ಪ ನಗು ಬಿಟ್ಟು ಹೇಳುತ್ತೇನೆ. ನಮ್ಮಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಬಚ್ಚಲಲ್ಲಿ ಹೆಂಗಸರು ಅಮ್ಮನನ್ನು ಕೂರಿಸಿ, ಕಾಲಿಗೆ ಸೋಪಿನ ನೊರೆ ಹಚ್ಚಿ ಉಂಗುರ ಎಳೆದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ಬೆರಳಿನ ಸುತ್ತ ಬಿಳಿಯ ಗುರುತು ಉಳಿಯಿತು. ಆ ಗುರುತು ಮಾಸುವವರೆಗೆ ಅಮ್ಮ ಕೂತಾಗಲೆಲ್ಲ ಸೆರಗಿನಿಂದ ಪಾದ ಮುಚ್ಚಿಕೊಳ್ಳುತ್ತಿದ್ದಳು. ಪ್ರಬಂಧದ ಬುದ್ಧಿ ತಲೆಯಲ್ಲಿರುತ್ತದೆ, ಈ ಭಯ ಇರುವ ಜಾಗವೇ ಬೇರೆ. ನನ್ನ ಕೈಯಾರೆ ಉಂಗುರ ತೆಗೆದರೆ ಇವರಿಗೆ ಏನೋ ಆಗಿಬಿಡುತ್ತದೆ ಎಂದು ನಾನು ಹೆದರುತ್ತಿದ್ದೆ. ಅಷ್ಟೇ.

ಇನ್ನು ಹೊಸ ಕಾಲಿನ ಕತೆಗೆ ಬರೋಣ. ಮೈಸೂರು ರಸ್ತೆಯ ಕಡೆ ಕೃತಕ ಕಾಲು ಮಾಡಿಕೊಡುವ ಒಂದು ಕೇಂದ್ರವಿತ್ತು. ಅಲ್ಲಿ ಕಾಲು ಮಾಡುವವನು ಗದಗಿನ ಕಡೆಯ ಬಸವರಾಜ. ತುಂಡುಗಾಲಿಗೆ ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆದು, ದಪ್ಪನೆಯ ಪ್ಲಾಸ್ಟಿಕ್ ಪೈಪನ್ನು ಒಲೆಯಲ್ಲಿ ಕಾಯಿಸಿ, ಚಪಾತಿ ಹಿಟ್ಟಿನ ಹಾಗೆ ಮೆತ್ತಗಾದ ಮೇಲೆ ಅಚ್ಚಿನ ಮೇಲೆ ಎಳೆದು ಕೂರಿಸುತ್ತಾನೆ. ಕೆಳಗೆ ಬೆರಳು, ಉಗುರು ಎಲ್ಲ ಮೂಡಿಸಿದ ರಬ್ಬರಿನ ಪಾದ. ಬಣ್ಣ ನನ್ನ ಮೈಗಿಂತ ಒಂದು ಮಟ್ಟ ಬಿಳುಪು. ಬ್ಲೌಸ್ ಪೀಸಿನ ಹಾಗೆ ಮ್ಯಾಚಿಂಗ್ ಸಿಗುವುದಿಲ್ಲವೇ ಎಂದು ಕೇಳಿದೆ. "ಬಿಸಲಾಗ ಅಡ್ಡಾಡ್ರಿ ಅಕ್ಕಾರ, ತಾನ ಕಪ್ಪಾಕ್ಕತಿ" ಎಂದ.

ಕಾಲು ಮನೆಗೆ ಬಂದ ದಿನ ರತ್ನಮ್ಮ ನೋಡಲು ಬಂದು ಅದನ್ನು ಬೆರಳಲ್ಲಿ ತಟ್ಟಿದರು. ನಮ್ಮ ಬೀದಿಗೆ ಕಾವೇರಿ ನೀರಿನ ಪೈಪು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದ ಕಾಲ ಅದು. "ಅಯ್ಯೋ, ಇದು ನೀರಿನ ಪೈಪಲ್ವಾ! ಇಡೀ ಬೀದೀಲಿ ನಿಮ್ಮನೆಗೇ ಮೊದ್ಲು ಬಂತು ನೋಡಿ" ಎಂದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕ ಮೇಲೆ ಅವರೂ ನಕ್ಕರು. ನಮ್ಮ ಮನೆಯಲ್ಲಿ ಬಹಳ ದಿನದ ಮೇಲೆ ನಗು ಕೇಳಿತ್ತು.

ಇವರು ಮಾತ್ರ ನಗಲಿಲ್ಲ. ಫಿಟ್ಟರ್ ಅಲ್ಲವೇ? ಕಾಲನ್ನು ತಿರುಗಿಸಿ ಮುರುಗಿಸಿ ನೋಡಿ, ಬೋಲ್ಟು ಒಂದು ಸುತ್ತು ಬಿಗಿ ಮಾಡಿ, ನನಗೆ ತೊಡಿಸಿ ಗೋಡೆಗೆ ನಿಲ್ಲಿಸಿದರು. ಆಮೇಲೆ ಗಾರೆಯವರು ಗೋಡೆ ಕಟ್ಟುವಾಗ ಇಟ್ಟು ನೋಡುವ ರಸಮಟ್ಟ ತಂದು ನನ್ನ ಸೊಂಟಕ್ಕೆ ಅಡ್ಡ ಹಿಡಿದರು. ಗಾಜಿನೊಳಗಿನ ಗುಳ್ಳೆ ಎಡಕ್ಕೆ ಓಡಿತು. "ಕಾಲಿಂಚು ಎತ್ತರ ಇದೆ" ಎಂದು ತೀರ್ಪು ಕೊಟ್ಟು ಮರುದಿನವೇ ಕಾಲನ್ನು ಕಂಕುಳಲ್ಲಿ ಇರುಕಿಕೊಂಡು ಬಸವರಾಜನ ಹತ್ತಿರ ಒಯ್ದರು. ನನಗೆ ಹುಷಾರಾ ಎಂದು ಕೇಳಲು ಬಾರದ ಮನುಷ್ಯ, ಗುಳ್ಳೆ ನಡುವೆ ನಿಲ್ಲುವವರೆಗೆ ಮೂರು ಸಲ ಬಸ್ಸು ಹತ್ತಿ ಇಳಿದರು.

ಹೊಸ ಕಾಲಿಗೆ ಹೊಂದಿಕೊಳ್ಳುವುದೆಂದರೆ ಹೊಸ ಸೊಸೆಗೆ ಹೊಂದಿಕೊಂಡ ಹಾಗೆ. ಮೊದಲು ಅದು ನಮ್ಮನ್ನು ಕಚ್ಚುತ್ತದೆ, ನಾವು ಅದನ್ನು ಬೈಯುತ್ತೇವೆ, ಆಮೇಲೆ ಅದಿಲ್ಲದೆ ಮನೆ ನಡೆಯುವುದಿಲ್ಲ. ನಡುಮನೆಯಲ್ಲಿ ನಡೆಯಲು ಎರಡು ತಿಂಗಳು, ಮೆಟ್ಟಿಲಿಗೆ ಇನ್ನೊಂದು, ಬಸ್ಸಿನ ಫುಟ್‌ಬೋರ್ಡಿಗೆ ಪೂರಾ ಅರ್ಧ ವರ್ಷ. ಎಲ್ಲಕ್ಕಿಂತ ವಿಚಿತ್ರವೆಂದರೆ, ಇಲ್ಲದ ಎಡಪಾದ ಇದ್ದಕ್ಕಿದ್ದಂತೆ ತುರಿಸುತ್ತಿತ್ತು. ಅದೂ ಉಂಗುರ ಇದ್ದ ಬೆರಳೇ. ಮಧ್ಯಾಹ್ನ ಊಟವಾಗಿ ಮಂಚದ ಮೇಲೆ ಕಾಲು ಬಿಚ್ಚಿಟ್ಟು ಮಲಗಿದಾಗ "ರೀ, ತುರಿಸ್ತಿದೆ" ಎನ್ನುತ್ತಿದ್ದೆ. ಇವರು ಎದ್ದು ಬಂದು, "ಎಲ್ಲಿ? ಇಲ್ಲಾ?" ಎನ್ನುತ್ತ ಖಾಲಿ ಹಾಸಿಗೆಯನ್ನು ಕೆರೆಯುತ್ತಿದ್ದರು. "ಸ್ವಲ್ಪ ಮೇಲೆ" ಎನ್ನುತ್ತಿದ್ದೆ. ನೀವು ನಂಬುವುದಿಲ್ಲ, ತುರಿಕೆ ಕಡಿಮೆಯಾಗುತ್ತಿತ್ತು.

ಶಾಲೆಗೆ ಮರಳಿದ ದಿನ ಸಹೋದ್ಯೋಗಿಗಳೆಲ್ಲ ನನ್ನ ಮುಖವನ್ನೇ ನೋಡಿ ಮಾತಾಡಿದರು, ಕಾಲಿನ ಕಡೆ ಕಣ್ಣು ಹಾಯದಂತೆ ಕಷ್ಟಪಟ್ಟರು. ಮಕ್ಕಳಿಗೆ ಆ ಕಷ್ಟವಿಲ್ಲ. ಮೊದಲ ಬೆಂಚಿನ ಚಂದನಾ ಕೈಯೆತ್ತಿದಳು.

"ಮಿಸ್, ಆ ಕಾಲಿಗೆ ಸೊಳ್ಳೆ ಕಚ್ಚುತ್ತಾ?"

"ಕಚ್ಚಿದ್ರೆ ಸೊಳ್ಳೆಗೇ ನೋವಾಗುತ್ತೆ ಕಣೇ."

"ಮುಳ್ಳು ಚುಚ್ಚಿದ್ರೆ?"

"ಏನೂ ಆಗಲ್ಲ."

"ಸೂಪರ್ ಮಿಸ್. ನಂಗೂ ಒಂದು ಬೇಕು" ಎಂದಳು. ಅಂದಿನಿಂದ ಗಲಾಟೆ ಹೆಚ್ಚಾದಾಗ ಮೇಜು ಬಡಿಯುವ ಬದಲು ಸ್ಕೇಲಿನಿಂದ ಕಾಲನ್ನೇ ಟಕ್ ಟಕ್ ಎಂದು ಬಡಿಯುತ್ತಿದ್ದೆ. ಇಡೀ ತರಗತಿ ತಣ್ಣಗಾಗುತ್ತಿತ್ತು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿದಿತ್ತು. ಸೀರೆ ಉಟ್ಟು ಹೊರಟಾಗ ಕೆಳಗೆ ನೋಡಿದರೆ ಬಲಗಾಲಲ್ಲಿ ಉಂಗುರ, ಎಡಗಾಲು ಬೋಳು. ಅರ್ಧ ಮುತ್ತೈದೆ ಎಂಬುದೊಂದು ಉಂಟೇ? ಹಾಗಾಗಿ ಒಂದು ದಿನ ಬಸವರಾಜನಿಗೆ ಹೇಳಿದೆ, ರಬ್ಬರಿನ ಎರಡನೇ ಬೆರಳಿನ ಎರಡೂ ಪಕ್ಕ ಸೀಳಿ ಉಂಗುರ ತೂರುವಷ್ಟು ಜಾಗ ಮಾಡಿಕೊಡು ಎಂದು. ಅವನು ಕೈಯಲ್ಲಿದ್ದ, ಪ್ಲಾಸ್ಟಿಕ್ಕು ಉಜ್ಜುವ ಅರವನ್ನು ಕೆಳಗಿಟ್ಟ.

"ಅಕ್ಕಾರ, ನಾ ಕಾಲು ಮಾಡಾಕ ಹತ್ತಿ ಆರು ವರ್ಷ ಆತ್ರಿ. ಸೈಕಲ್ ತುಳೀಬೇಕು ಅಂತಾರ, ಹೊಲದಾಗ ಇಳೀಬೇಕು ಅಂತಾರ. ಕಾಲುಂಗುರ ಕೇಳಿದವರು ನೀವ ಮೊದಲರೀ."

"ಆಗಲ್ವಾ?"

"ಆಕ್ಕತ್ರಿ. ಆದ್ರ ಸೀಳಿದ್ರ ನೀರು ಹೊಕ್ಕತೈತಿ, ರಬ್ಬರ್ ಬಿಟ್ಕೊಂತೈತಿ. ಆಮ್ಯಾಲ ನನಗ ಬೈತೀರಿ."

"ಬೈಯಲ್ಲಪ್ಪ."

"ಮೇಡಮ್ಮಾರು ಅದೀರಿ, ಬೈಯದ ಇರ್ತೀರೇನ್ರೀ?" ಎನ್ನುತ್ತಲೇ ಬ್ಲೇಡು ಬಿಸಿ ಮಾಡಿದ. ಬಲಗಾಲಿನ ಉಂಗುರದ ದಪ್ಪ ನೋಡಿಕೊಂಡು ಸೀಳಿದ, ಒಳಗೆ ನೀರು ಇಳಿಯದಂತೆ ಪಂಕ್ಚರ್ ಅಂಗಡಿಯಲ್ಲಿ ಬಳಸುವ ಸಲ್ಯೂಷನ್ ಬಳಿದ. ಅದೊಂದು ಬೆರಳು ಉಳಿದ ನಾಲ್ಕರಿಂದ ಬೇರೆಯಾಗಿ ಜೀವ ಬಂದ ಹಾಗೆ ನಿಂತಿತು. "ಉಂಗುರ ಎಲ್ಲೈತ್ರಿ? ಹಾಕಿ ನೋಡೂಣು" ಎಂದ. ಮನೆಯಲ್ಲಿದೆ ಎಂದೆ.

ಮನೆಗೆ ಬಂದು ಕೇಳಿದರೆ, ಇವರು "ಇದೆ. ಜೋಪಾನವಾಗಿದೆ" ಎಂದರು. ಆಪರೇಷನ್ನಿಗೆ ಮುಂಚೆ ನರ್ಸು ಉಂಗುರವನ್ನು ಇವರ ಕೈಗೆ ಕೊಟ್ಟದ್ದು ನನಗೆ ಗೊತ್ತಿತ್ತು. ಎಲ್ಲಿದೆ ಎಂದರೆ "ಕೊಡ್ತೀನಿ ಬಿಡು" ಎನ್ನುವರು, ತಕ್ಷಣ ಯಾವುದೋ ನಲ್ಲಿ ಸರಿ ಮಾಡಲು ಎದ್ದುಹೋಗುವರು. ನಾನೇ ಹುಡುಕಿದೆ. ಬೀರುವಿನ ಲಾಕರು, ದೇವರ ಪೆಟ್ಟಿಗೆ, ಅಕ್ಕಿ ಡಬ್ಬ, ಇವರ ಸ್ಪ್ಯಾನರ್ ಡಬ್ಬ, ಎಲ್ಲ ಜಾಲಾಡಿದೆ. ಸುಮಾ ಐದನೇ ತರಗತಿಯಲ್ಲಿ ಕಳೆದುಕೊಂಡಿದ್ದ ಜಾಮಿಟ್ರಿ ಬಾಕ್ಸು ಸಿಕ್ಕಿತು, ಉಂಗುರ ಸಿಗಲಿಲ್ಲ. ಕಳೆದುಹಾಕಿ ಹೇಳಲು ಹೆದರುತ್ತಿದ್ದಾರೆ ಎಂದು ಮೊದಲು ಅನಿಸಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಸುಳ್ಳು ಹೇಳಿ, ಅರಿಶಿನದಲ್ಲಿ ಗಾಯ ಮುಚ್ಚಿ ಕಾಲು ಕಳೆದುಕೊಂಡ ಹೆಂಡತಿಯ ಮೇಲೆ ಇವರಿಗೆ ಒಳಗೆಲ್ಲೋ ಸಿಟ್ಟಿದೆ, ಆ ಸಿಟ್ಟಿಗೆ ಉಂಗುರವನ್ನು ಎಲ್ಲೋ ಎಸೆದುಬಿಟ್ಟಿದ್ದಾರೆ ಎಂದು. ಆ ವಿಷಯವನ್ನು ಇವರು ಒಂದು ದಿನವೂ ಎತ್ತಿರಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೀಗೆ ಸೀಳು ಸಿದ್ಧ, ಉಂಗುರವಿಲ್ಲ. ಆ ಸೀಳಿನಲ್ಲಿ ರಂಗೋಲಿ ಪುಡಿ ಕೂತಿತು, ಮಾಗಡಿ ರಸ್ತೆಯ ಧೂಳು ಕೂತಿತು. ಹಳೆಯ ಟೂತ್‌ಬ್ರಷ್ ಇಟ್ಟುಕೊಂಡು ವಾರಕ್ಕೊಮ್ಮೆ ತಿಕ್ಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಾಲು ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಒಂದು ಸಂಜೆ ಕನ್ನಡಿ ಹಿಡಿದು ಬಲಪಾದ ನೋಡಿಕೊಳ್ಳುವಾಗ ಉಂಗುರದ ಅಂಚಿನಲ್ಲಿ ಕೆಂಪಗೆ ಕಡಲೆಬೇಳೆಯಷ್ಟು ಕಂಡಿತು. ಒಳಗಿನಿಂದ ಇವರು ದಿನದಂತೆ ಕೇಳಿದರು.

"ನೋಡ್ಕೊಂಡ್ಯಾ?"

"ನೋಡ್ಕೊಂಡೆ."

"ಹೇಗಿದೆ?"

"ಚೆನ್ನಾಗಿದೆ."

ಬುದ್ಧಿ ಬಂದಿರಬೇಕಿತ್ತು ಎನ್ನುತ್ತೀರಿ. ಒಂದು ಕಾಲು ಕೊಟ್ಟು ಕಲಿತ ಪಾಠ. ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿದವಳು ಮಾಡಿದ ಮೊದಲ ಕೆಲಸವೇನು ಗೊತ್ತೆ? ಬಟ್ಟಲಲ್ಲಿ ಅರಿಶಿನ ಕಲಸಿದೆ. ಬೆರಳಿಗೆ ಹಚ್ಚಿದೆ. ಗಾಯಕ್ಕೆ ಮರೆಯಾಯಿತು.

ಬಾಗಿಲಿಗೆ ರಂಗೋಲಿ ಹಾಕಿ ಹೊಸ್ತಿಲ ಬಳಿ ಕುರ್ಚಿಯಲ್ಲಿ ಕೂತಿದ್ದೆ. ಇವರು ಹಾಲಿನ ಪ್ಯಾಕೆಟ್ಟು ಹಿಡಿದು ಬಂದವರು ಅಲ್ಲೇ ನಿಂತರು. ನನ್ನ ಪಾದ ನೋಡಿದರು.

"ಇವತ್ತು ಯಾವ ವಾರ?"

"ಬುಧವಾರ" ಎಂದೆ.

"ಬುಧವಾರ ಯಾಕೆ ಅರಿಶಿನ?"

ಶ್ರಾವಣ ಎನ್ನೋಣವೆಂದರೆ ಇದು ಶ್ರಾವಣವೂ ಆಗಿರಲಿಲ್ಲ. ಇವರು ಹಾಲಿನ ಪ್ಯಾಕೆಟ್ಟು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತು, ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹೆಗಲ ಟವೆಲ್ಲಿನಿಂದ ಅರಿಶಿನ ಒರೆಸಿದರು. ಕೆಂಪು ಕಂಡಿತು. ಈಗ ಬೈಗುಳ ಬರುತ್ತದೆ, ಎರಡು ವರ್ಷದ್ದೂ ಸೇರಿಸಿ ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಇವರು ಬೈಯಲಿಲ್ಲ. ತಮ್ಮ ಎಡಗಾಲಿನ ಕಂದು ಚೀಲವನ್ನು ಎಳೆದು ತೆಗೆದರು.

ಆ ಬೆಳ್ಳನೆಯ ಪಾದದ ನಡುಬೆರಳಲ್ಲಿ ನನ್ನ ಕಾಲುಂಗುರವಿತ್ತು.

"ನಿನ್ನ ಒಳಗೆ ಕರ್ಕೊಂಡ್ ಹೋದ್ರಲ್ಲ, ಆವತ್ತಿಂದ ಇಲ್ಲೇ ಇದೆ" ಎಂದರು. "ನರ್ಸಮ್ಮ ಹತ್ತೀಲಿ ಸುತ್ತಿ ಕೈಗೆ ಕೊಟ್ರು. ಹೊರಗಡೆ ಬೆಂಚ್ ಮೇಲೆ ಒಬ್ನೇ ಕೂತಿದ್ದೆ. ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ. ಕಾಲುಂಗುರ ಕಾಲಲ್ಲೇ ಇರ್ಬೇಕು ಅಂತ ನೀನೇ ಹೇಳ್ತಿದ್ದೆ. ಅಲ್ಲಿ ಇದ್ದಿದ್ದು ನನ್ನ ಕಾಲು."

ಇವರು ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ನಾನು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ಇನ್ನೂ ಮುಗಿದಿರಲಿಲ್ಲ.

"ಇದು ನಿನ್ನ ಕಾಲಿಂದ ಹೋದ್ರೆ ನನಗೇನೋ ಆಗುತ್ತೆ ಅಂತ ತಾನೆ ನಿನ್ನ ಭಯ? ಹೋಗಿ ಎರಡು ವರ್ಷ ಆಯ್ತು ಜಯಾ. ನನಗೆ ಬಿ.ಪಿ. ಕೂಡ ಬಂದಿಲ್ಲ. ಇಲ್ಲೇ ಕೂತಿದೀನಿ ನೋಡು."

ಏನಾದರೂ ದೊಡ್ಡ ಮಾತು ಹೇಳಬೇಕಾದ ಹೊತ್ತು. ಆದರೆ ಕಣ್ಣು ಮೇಷ್ಟ್ರಮ್ಮನದು, ತಪ್ಪು ಕಂಡಲ್ಲಿಗೇ ಹೋಗುತ್ತದೆ.

"ರೀ, ಬೆರಳು ತಪ್ಪಿದೆ" ಎಂದೆ.

ಇವರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಮದುವೆಯ ದಿನ ತಪ್ಪಿದ ಅದೇ ನಡುಬೆರಳು. ಆಗ ಶುರುವಾಯಿತು ನಗು. ನಾನು ನಗುತ್ತ ಅಳುತ್ತಿದ್ದೆ, ಇವರು ಬರೀ ನಗುತ್ತಿದ್ದರು. "ನಿಮ್ಮ ಕೈಯಾರೆ ತೆಗೀರಿ, ನನ್ನ ಕೈಲಿ ಆಗಲ್ಲ" ಎಂದು ಬಲಗಾಲು ಮುಂದೆ ಚಾಚಿದೆ. ಬಿಗಿಯಿದೆ ಎಂದು ಇವರು ಸೋಪು ತರಲು ಎದ್ದರು.

"ಸೋಪು ಬೇಡ" ಎಂದೆ. "ಕೊಬ್ಬರಿ ಎಣ್ಣೆ ತನ್ನಿ."

ಎಣ್ಣೆ ಹಚ್ಚಿ, ಉಂಗುರದ ಬಾಯಿಯನ್ನು ಎರಡು ಬೆರಳಲ್ಲಿ ಸ್ವಲ್ಪ ಅಗಲಿಸಿ, ನೋಯದ ಪಾದಕ್ಕೆ ನೋವಾಗದ ಹಾಗೆ ತೆಗೆದರು. ಬೆರಳಿನ ಸುತ್ತ ಅಮ್ಮನದೇ ಬಿಳಿಯ ಗುರುತು. ನಾನು ಅದನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದ ಉಂಗುರವನ್ನು ಏನು ಮಾಡುವುದೆಂದು ಇವರು ನನ್ನ ಮುಖ ನೋಡಿದರು. ನನಗೆ ಮೊದಲ ಬೆಂಚಿನ ಚಂದನಾ ನೆನಪಾದಳು. ಸೊಳ್ಳೆ ಕಚ್ಚದ, ಮುಳ್ಳು ಚುಚ್ಚದ, ಊದದ, ಸಕ್ಕರೆ ಕಾಯಿಲೆಯಿಲ್ಲದ ಕಾಲೊಂದು ಇದೇ ಮೈಯಲ್ಲಿದೆ. ಅದರ ಬೆರಳಿಗೆ ಸೀಳು ಬೇರೆ ಸಿದ್ಧವಾಗಿ ಕಾಯುತ್ತಿದೆ. ರಬ್ಬರಿನ ಕಾಲನ್ನು ಮುಂದೆ ಚಾಚಿದೆ. ಬಸವರಾಜ ಸೀಳಿದ್ದು ಒಂದೇ ಬೆರಳಿಗಾದ್ದರಿಂದ ಇವರಿಗೆ ಈ ಸಲ ತಪ್ಪಲು ಅವಕಾಶವಿರಲಿಲ್ಲ.

ಅಂದು ಮಧ್ಯಾಹ್ನವೇ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬರಿಯ ಬಲಪಾದ ನೋಡಿದರು, ಉಂಗುರ ತೊಟ್ಟ ರಬ್ಬರಿನ ಪಾದ ನೋಡಿದರು. "ಇದಕ್ಕೆ ಎಷ್ಟು ಬಿಗಿಯಾಗಾದ್ರೂ ಹಾಕ್ಕೊಳ್ಳಿ, ನಾನು ಕೇಳಲ್ಲ" ಎಂದರು. ಗಾಯ ಮೂರು ವಾರದಲ್ಲಿ ಒಣಗಿತು. ಆ ಕಾಲು ಇಂದಿಗೂ ನನ್ನದಾಗಿಯೇ ಇದೆ.

ಇನ್ನೊಂದು ಉಂಗುರವನ್ನು ವಾಪಸು ಕೊಡಿ, ಎರಡನ್ನೂ ರಬ್ಬರಿನ ಕಾಲಿಗೇ ಹಾಕಿಕೊಳ್ಳುತ್ತೇನೆ ಎಂದು ಒಂದೆರಡು ಸಲ ಕೇಳಿದೆ. ಇವರು "ಕೊಡ್ತೀನಿ ಬಿಡು" ಎಂದು ನಲ್ಲಿ ಸರಿ ಮಾಡಲು ಎದ್ದುಹೋದರು. ಆಮೇಲೆ ನಾನು ಕೇಳುವುದನ್ನು ಬಿಟ್ಟೆ. ಫ್ಯಾಕ್ಟರಿಯ ಹಳೆಯ ಸ್ನೇಹಿತರು ಕಂಡರೆ ನಗುತ್ತಾರೆಂದು ಕಂದು ಚೀಲ ಈಗಲೂ ಮುಂದುವರಿದಿದೆ. ಪ್ರತಿ ಜೋಡಿಗೂ ಒಂದು ಈಗಲೂ ತೂತಾಗುತ್ತದೆ. ನಾನು ಈಗಲೂ ಸೂಜಿ ಹಿಡಿದು ಕೂರುತ್ತೇನೆ. ಕಾಂಪೌಂಡಿನ ಆಚೆ ರತ್ನಮ್ಮ ಪಾತ್ರೆ ಬೆಳಗುವ ಸದ್ದು ಕೇಳುವವರೆಗೆ ಕಾಯ್ದು, ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಗದರುತ್ತೇನೆ:

"ರೀ, ಉಗುರು ಕತ್ತರಿಸ್ಕೊಳ್ರೀ! ಎಷ್ಟು ಸಲ ಹೇಳೋದು?"